ಲಿಂಗನಮಕ್ಕಿ 1819, ಭದ್ರಾ 186: ಜಮೋವಿ ಕಣ್ಣಿಗೆ ಎರಡೂ ಒಂದೇ

ಮಳೆಗಾಲ ಬಂತೆಂದರೆ ಶಿವಮೊಗ್ಗದ ಪತ್ರಿಕೆಗಳಲ್ಲಿ ಜಲಾಶಯಗಳ ಪಟ್ಟಿ ಶುರುವಾಗುತ್ತದೆ. ಗರಿಷ್ಠ ಮಟ್ಟ ಲಿಂಗನಮಕ್ಕಿಗೆ 1819 ಅಡಿ, ಭದ್ರಾಗೆ 186 ಅಡಿ, ತುಂಗಾಗೆ 588.24 ಮೀಟರ್. ಈ ಮೂರನ್ನೂ ‘ಮಟ್ಟ’ ಅನ್ನುವ ಒಂದೇ ಕಾಲಂಗೆ ತುಂಬಿ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಜಮೋವಿಗೆ ಕೊಟ್ಟರೆ ಅದು ಚಕಾರ ಎತ್ತದೆ ಸರಾಸರಿ 864 ಎಂದು ಬರೆದುಕೊಡುತ್ತದೆ. ಯಾವುದರ 864? ಅಡಿಯೋ ಮೀಟರೋ, ಸಮುದ್ರದಿಂದ ಮೇಲಕ್ಕೋ ಅಣೆಕಟ್ಟೆಯ ಬುಡದಿಂದಲೋ? ಯಾವುದೂ ಅಲ್ಲ.

ಇಷ್ಟು ಹೇಳಿಯೂ, ಪದವಿ ತರಗತಿಯ ಸಂಖ್ಯಾಶಾಸ್ತ್ರಕ್ಕೆ ಒಂದು ಸಾಫ್ಟ್‌ವೇರ್ ಹೆಸರಿಸಿ ಎಂದರೆ ಜಮೋವಿಯನ್ನೇ ಹೆಸರಿಸಬೇಕು. ಹಣ ಕೊಡಬೇಕಿಲ್ಲ, ಮುಕ್ತ ತಂತ್ರಾಂಶ, ಒಳಗೆ ಕೆಲಸ ಮಾಡುವುದು ‘ಆರ್’ ಭಾಷೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಒಮ್ಮೆ ಇಳಿಸಿಕೊಂಡರೆ ಆಮೇಲೆ ಇಂಟರ್ನೆಟ್ ಬೇಡ. ಹೊಸನಗರ, ತೀರ್ಥಹಳ್ಳಿ ಕಡೆ ಜುಲೈನಲ್ಲಿ ಪ್ರಾಜೆಕ್ಟ್ ಬರೆಯುವವರಿಗೆ ಇದು ಸಣ್ಣ ಮಾತಲ್ಲ. ಎಡಗಡೆ ದತ್ತಾಂಶದ ಹಾಳೆ, ಬಲಗಡೆ ಫಲಿತಾಂಶ. ಎಡಗಡೆ ಒಂದು ಅಂಕಿ ತಿದ್ದಿದರೆ ಬಲಗಡೆಯ ಕೋಷ್ಟಕ ತಾನೇ ಬದಲಾಗುತ್ತದೆ.

ಈ ವಿಮರ್ಶೆ ಅದರ ಒಂದೇ ಒಂದು ಅಂಗದ ಬಗ್ಗೆ: ಕಾಲಂನ ತಲೆಯ ಮೇಲಿರುವ ಪುಟ್ಟ ಚಿತ್ರ. ಮೂರು ಉರುಟು ಇದ್ದರೆ ನಾಮಿನಲ್, ಮೆಟ್ಟಿಲಿನಂತೆ ಏರುವ ಕಂಬಗಳಿದ್ದರೆ ಆರ್ಡಿನಲ್, ಅಡಿಕೋಲು ಇದ್ದರೆ ಕಂಟಿನ್ಯುಯಸ್. ನಾಲ್ಕನೆಯದು ಐಡಿ. ಹೆಚ್ಚಿನವರು ಇದನ್ನು ಅಲಂಕಾರ ಅಂದುಕೊಂಡು ಮುಂದೆ ಹೋಗುತ್ತಾರೆ. ಪ್ರಾಜೆಕ್ಟ್ ವರದಿಗಳಲ್ಲಿ ಕಾಣುವ ತಪ್ಪುಗಳಲ್ಲಿ ಬಹುಪಾಲು ಹುಟ್ಟುವುದು ಅಲ್ಲೇ.

ಪಠ್ಯದಲ್ಲಿ ಓದುವ ಅಳತೆಯ ನಾಲ್ಕು ಮಟ್ಟಗಳು ಬೇರೆ. ಹಾರ್ವರ್ಡ್‌ನ ಮನೋವಿಜ್ಞಾನಿ ಎಸ್. ಎಸ್. ಸ್ಟೀವನ್ಸ್ 1946ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮಂಡಿಸಿದ್ದು ನಾಮಿನಲ್, ಆರ್ಡಿನಲ್, ಇಂಟರ್ವಲ್, ರೇಷಿಯೋ. ಬರೀ ಹೆಸರು ಹಚ್ಚುವುದು ನಾಮಿನಲ್. ಹೆಸರಿಗೆ ಮೇಲು-ಕೆಳಗು ಸೇರಿದರೆ ಆರ್ಡಿನಲ್. ಮೆಟ್ಟಿಲುಗಳ ಎತ್ತರವೂ ಸಮ ಇದ್ದರೆ ಇಂಟರ್ವಲ್. ಅದರ ಜೊತೆಗೆ ಸೊನ್ನೆ ಅಂದರೆ ನಿಜವಾಗಿಯೂ ‘ಏನೂ ಇಲ್ಲ’ ಎಂದೇ ಆದರೆ ರೇಷಿಯೋ. ಜಮೋವಿ ಕೊನೆಯ ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಕಂಟಿನ್ಯುಯಸ್ ಅನ್ನುತ್ತದೆ. ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಎಸ್‌ಪಿಎಸ್‌ಎಸ್ ಮಾಡುವುದೂ ಇದನ್ನೇ, ಅಲ್ಲಿ ಅದರ ಹೆಸರು ಸ್ಕೇಲ್. ಪರೀಕ್ಷೆಯಲ್ಲಿ ‘ಅಳತೆಯ ಮಟ್ಟಗಳು ಎಷ್ಟು’ ಎಂದು ಕೇಳಿದರೆ ಜಮೋವಿಯ ಪಟ್ಟಿ ನೋಡಿ ಉತ್ತರ ಬರೆಯಬೇಡಿ.

ಕಂಟಿನ್ಯುಯಸ್ ಅನ್ನುವ ಹೆಸರಿನಿಂದ ಇನ್ನೊಂದು ಗೊಂದಲ. ಮೊದಲ ವರ್ಷದಲ್ಲಿ ಡಿಸ್ಕ್ರೀಟ್ ಬೇರೆ, ಕಂಟಿನ್ಯುಯಸ್ ಬೇರೆ ಎಂದು ಕಲಿಸಿರುತ್ತಾರೆ: ಮನೆಯಲ್ಲಿರುವ ದನಗಳ ಸಂಖ್ಯೆ ಡಿಸ್ಕ್ರೀಟ್, ಹಾಲಿನ ಲೀಟರ್ ಕಂಟಿನ್ಯುಯಸ್. ಜಮೋವಿಯಲ್ಲಿ ದನಗಳ ಸಂಖ್ಯೆಗೂ ಅಡಿಕೋಲಿನ ಚಿತ್ರವೇ. ಇಲ್ಲಿ ಆ ಪದಕ್ಕೆ ‘ಕೂಡಿ ಕಳೆಯಬಹುದಾದ ಅಂಕಿ’ ಎಂದಷ್ಟೇ ಅರ್ಥ. ಹೆಸರನ್ನು ಬೇರೆ ಇಡಬಹುದಿತ್ತು.

ಇದು ಕಾಡುವುದು ಎಣಿಕೆಯ ದತ್ತಾಂಶದಲ್ಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯ ಬಗ್ಗೆ ಇಲ್ಲಿ ಪ್ರಾಜೆಕ್ಟ್‌ಗಳು ಆಗುತ್ತಲೇ ಇರುತ್ತವೆ. ಒಂದೊಂದು ಜಾಗದಲ್ಲಿ ನೆಲದ ಮೇಲೆ ಬಟ್ಟೆ ಎಳೆದು, ಈ ಕಾಯಿಲೆ ಹರಡುವ ಉಣುಗುಗಳು ಎಷ್ಟು ಸಿಕ್ಕವೆಂದು ಎಣಿಸಿದಿರಿ ಎನ್ನಿ: 0, 0, 2, 1, 0, 3, 0. ಬೇರೆ ಬೇರೆ ಬೆಲೆಗಳು ನಾಲ್ಕೇ ಇರುವ ಪೂರ್ಣಾಂಕದ ಕಾಲಂ ಕಂಡರೆ ಜಮೋವಿ ‘ಇದು ಕೋಡ್ ಇರಬೇಕು’ ಎಂದು ಊಹಿಸಿ ನಾಮಿನಲ್ ಚಿತ್ರ ಹಚ್ಚುತ್ತದೆ. ಊಹೆ ತಪ್ಪು, ಆದರೆ ತಪ್ಪಿಗೆ ಕಾರಣ ಇದೆ: ಹೆಣ್ಣು 1, ಗಂಡು 2 ಎಂದು ಬರೆದ ಕಾಲಂ ಕೂಡ ನೋಡಲು ಹೀಗೇ ಇರುತ್ತದೆ. ಅಂಕಿಗಳ ಹಿಂದೆ ಏನಿದೆ ಎಂಬುದು ಯಂತ್ರಕ್ಕೆ ಕಾಣುವುದಿಲ್ಲ. ಕಾಲಂ ಹೆಸರಿನ ಮೇಲೆ ಎರಡು ಬಾರಿ ಒತ್ತಿ, ಮೇಲೆ ತೆರೆಯುವ ಸೆಟಪ್ ಪಟ್ಟಿಯಲ್ಲಿ ಮೆಷರ್ ಟೈಪ್ ಅನ್ನು ಕಂಟಿನ್ಯುಯಸ್‌ಗೆ, ಡೇಟಾ ಟೈಪ್ ಅನ್ನು ಇಂಟಿಜರ್‌ಗೆ ಇಟ್ಟರೆ ಸರಿಹೋಯಿತು. ಇಡದಿದ್ದರೆ ನಿಮ್ಮ ಉಣುಗುಗಳು ಗುಂಪಿನ ಹೆಸರುಗಳಾಗಿ ಉಳಿಯುತ್ತವೆ.

ಉಲ್ಟಾ ತಪ್ಪು ಇದಕ್ಕಿಂತ ಅಪಾಯದ್ದು, ಏಕೆಂದರೆ ಅದು ಸದ್ದು ಮಾಡುವುದಿಲ್ಲ. ಪಿನ್‌ಕೋಡ್ ನೋಡಿ. ಶಿವಮೊಗ್ಗ 577201, ಸಾಗರ 577401. ಎರಡರ ಸರಾಸರಿ 577301, ಅಂದರೆ ಭದ್ರಾವತಿ! ಸಾಗರಕ್ಕೆ ಹೊರಟವನನ್ನು ತದ್ವಿರುದ್ಧ ದಿಕ್ಕಿಗೆ ಕಳಿಸುವ ಸರಾಸರಿ. ನಾಮಿನಲ್ ಎಂದು ಗುರುತು ಹಾಕಿದರೆ ಜಮೋವಿ ಇಂಥದ್ದನ್ನು ತಡೆಯುತ್ತದೆ ಎಂಬ ನಂಬಿಕೆ ಬಹಳ ಜನಕ್ಕಿದೆ. ಪೂರ್ತಿ ತಡೆಯುವುದಿಲ್ಲ. ಕಾಲಂನಲ್ಲಿ ‘ಶಿವಮೊಗ್ಗ’, ‘ಸಾಗರ’ ಎಂದು ಪದಗಳೇ ಇದ್ದರೆ ಡಿಸ್ಕ್ರಿಪ್ಟಿವ್ಸ್ ಕೋಷ್ಟಕದಲ್ಲಿ ಸರಾಸರಿಯ ಜಾಗ ಖಾಲಿ ಬಿಡುತ್ತದೆ. ಅದೇ ವಿಷಯವನ್ನು 1, 2, 3 ಎಂದು ಅಂಕಿಯಲ್ಲಿ ಕೋಡ್ ಮಾಡಿ ನಾಮಿನಲ್ ಎಂದು ಗುರುತಿಸಿದ್ದರೂ ಸರಾಸರಿ ಲೆಕ್ಕ ಹಾಕಿ ಕೊಡುತ್ತದೆ. ಬೀಗ ಇದೆ, ಕೀಲಿಯೂ ಬಾಗಿಲಲ್ಲೇ ನೇತಾಡುತ್ತಿದೆ. ಹಾಗಾಗಿ ಗುಂಪುಗಳನ್ನು ಅಂಕಿಯಲ್ಲಿ ಕೋಡ್ ಮಾಡುವ ಹಳೇ ಅಭ್ಯಾಸ ಬಿಡಿ, ಪದಗಳನ್ನೇ ಬರೆಯಿರಿ. ಕೋಡ್ ಮಾಡಿಯೇ ತಂದಿದ್ದರೆ ಸೆಟಪ್‌ನ ಲೆವೆಲ್ಸ್ ಪೆಟ್ಟಿಗೆಯಲ್ಲಿ ಪ್ರತಿ ಅಂಕಿಗೂ ಹೆಸರು ಕೊಡಿ, ಕನಿಷ್ಠ ಕೋಷ್ಟಕ ಓದುವಾಗಲಾದರೂ ಎಚ್ಚರ ಬರುತ್ತದೆ.

ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ಅಂದಾಜಿಸುವ ಲೀನಿಯರ್ ರಿಗ್ರೆಶನ್‌ನಲ್ಲಿ ಈ ತಪ್ಪಿನ ಬೆಲೆ ದೊಡ್ಡದು. ಜಿಲ್ಲೆಯ ಏಳು ತಾಲ್ಲೂಕುಗಳನ್ನು 1ರಿಂದ 7 ಎಂದು ಕೋಡ್ ಮಾಡಿ ಅಡಿಕೆ ಇಳುವರಿಗೆ ಹೋಲಿಸುತ್ತೀರಿ ಎನ್ನಿ. ಅಂಕಿಗಳಿಗೆಂದೇ ಇರುವ ಕೋವೇರಿಯೇಟ್ಸ್ ಪೆಟ್ಟಿಗೆಗೆ ಹಾಕಿದರೆ ಬರುವುದು ಒಂದೇ ಗುಣಾಂಕ: ‘ತಾಲ್ಲೂಕು ಒಂದು ಏರಿದರೆ ಇಳುವರಿ ಇಷ್ಟು ಏರುತ್ತದೆ’. ಭದ್ರಾವತಿಯಿಂದ ತೀರ್ಥಹಳ್ಳಿಗೆ ‘ಒಂದು ತಾಲ್ಲೂಕು ಏರುವುದು’ ಅಂದರೇನು? ಗುಂಪುಗಳಿಗಿರುವ ಫ್ಯಾಕ್ಟರ್ಸ್ ಪೆಟ್ಟಿಗೆಗೆ ಹಾಕಿದರೆ ಆರು ಗುಣಾಂಕ ಬರುತ್ತವೆ, ಒಂದೊಂದೂ ಆಧಾರ ತಾಲ್ಲೂಕಿಗೆ ಹೋಲಿಸಿದ ವ್ಯತ್ಯಾಸ. ಆಧಾರ ಯಾವುದಿರಬೇಕು ಎಂಬುದನ್ನು ರೆಫರೆನ್ಸ್ ಲೆವೆಲ್ಸ್‌ನಲ್ಲಿ ನೀವೇ ಆರಿಸಬಹುದು. ಏಳು ಗುಂಪಿಗೆ ಆರು ಸಾಲು ಬಂದಿವೆಯೇ ಎಂದು ಎಣಿಸಿ ನೋಡುವುದು ಅತ್ಯಂತ ಸುಲಭದ ಪರೀಕ್ಷೆ. ಒಂದೇ ಸಾಲು ಇದ್ದರೆ ತಾಲ್ಲೂಕು ತಪ್ಪು ಪೆಟ್ಟಿಗೆಯಲ್ಲಿದೆ.

ಆರ್ಡಿನಲ್ ವಿಷಯದಲ್ಲಿ ಜಮೋವಿ ಚೆನ್ನಾಗಿದೆ, ಒಂದು ಷರತ್ತಿನ ಮೇಲೆ: ಕ್ರಮವನ್ನು ನೀವು ಹೇಳಿಕೊಡಬೇಕು. ಎಸ್ಎಸ್ಎಲ್‌ಸಿ ಗ್ರೇಡ್‌ಗಳು ಎ ಪ್ಲಸ್, ಎ, ಬಿ ಪ್ಲಸ್, ಬಿ, ಸಿ ಪ್ಲಸ್, ಸಿ. ಅಕ್ಷರಮಾಲೆಯಂತೆ ಜೋಡಿಸಿದರೆ ಬರೀ ‘ಎ’ ಮೊದಲು ಬಂದು ‘ಎ ಪ್ಲಸ್’ ಅದರ ಹಿಂದೆ ಬೀಳುತ್ತದೆ. ಕನ್ನಡದಲ್ಲಿ ಬರೆದ ಉತ್ತರಗಳ ಪಾಡೂ ಅದೇ. ‘ಒಪ್ಪುವುದಿಲ್ಲ’ ಮತ್ತು ‘ಒಪ್ಪುತ್ತೇನೆ’ ಅಕ್ಷರದ ಪ್ರಕಾರ ಅಕ್ಕಪಕ್ಕದವರು, ‘ಪೂರ್ತಿ ಒಪ್ಪುತ್ತೇನೆ’ ಎಲ್ಲೋ ದೂರದಲ್ಲಿ. ಲೆವೆಲ್ಸ್ ಪೆಟ್ಟಿಗೆಯ ಪಕ್ಕದ ಮೇಲು-ಕೆಳಗು ಬಾಣಗಳಿಂದ ಸರಿಯಾಗಿ ಜೋಡಿಸಿ. ಬರೀ ‘ಆರ್ಡಿನಲ್’ ಎಂದು ಗುರುತು ಹಾಕಿ ಕ್ರಮ ತಿದ್ದದೆ ಬಿಟ್ಟರೆ ಕ್ರಾಸ್ ಟೇಬಲ್‌ನಲ್ಲಿ ಎರಡು ಕ್ರಮಗಳ ಹೊಂದಾಣಿಕೆ ಅಳೆಯುವ ಗಾಮಾ, ಕೆಂಡಾಲ್ ಟೌ-ಬಿ ಎಲ್ಲವೂ ಆ ಕೆಟ್ಟ ಕ್ರಮದಲ್ಲೇ ಲೆಕ್ಕವಾಗುತ್ತವೆ. ಗುರುತು ಮಾತ್ರ ಸರಿ ಇರುವುದರಿಂದ ಯಾರಿಗೂ ಅನುಮಾನವೇ ಬರುವುದಿಲ್ಲ.

ಇಲ್ಲಿನ ಮಾರುಕಟ್ಟೆಯ ಒಂದು ಪ್ರಶ್ನೆ ತರಗತಿಯಲ್ಲಿ ಅರ್ಧ ಗಂಟೆ ಚರ್ಚೆಗೆ ಸಾಕು. ಸರಕು, ಬೆಟ್ಟೆ, ರಾಶಿ, ಗೊರಬಲು: ಅಡಿಕೆಯ ಈ ಬಗೆಗಳು ನಾಮಿನಲ್ಲೋ ಆರ್ಡಿನಲ್ಲೋ? ಎಪಿಎಂಸಿ ಧಾರಣೆ ನೋಡಿದರೆ ಸಾಮಾನ್ಯವಾಗಿ ಸರಕು ತುದಿಯಲ್ಲಿ, ಗೊರಬಲು ಬುಡದಲ್ಲಿ. ಒಂದು ಕ್ರಮ ಇದ್ದಂತೆ ಕಾಣುತ್ತದೆ. ಆದರೆ ಆ ಕ್ರಮ ಬೆಲೆಯದ್ದು. ಬೆಲೆ ಬೇರೆ ಕಾಲಂನಲ್ಲಿ ರೂಪಾಯಿಯಲ್ಲೇ ಇರುತ್ತದೆ, ಅದೂ ರೇಷಿಯೋ ಮಟ್ಟದಲ್ಲಿ. ಬಗೆಯ ಕಾಲಂ ಹೇಳುವುದು ಕಾಯಿಯ ಬೆಳವಣಿಗೆ ಮತ್ತು ಸಂಸ್ಕರಣೆಯ ರೀತಿಯನ್ನು. ‘ಬಗೆಯಿಂದ ಬೆಲೆ ಹೇಗೆ ಬದಲಾಗುತ್ತದೆ’ ಎಂಬುದೇ ನಿಮ್ಮ ಪ್ರಶ್ನೆಯಾಗಿದ್ದರೆ ಬೆಲೆಯ ಕ್ರಮವನ್ನು ಬಗೆಯೊಳಗೆ ತೂರಿಸುವುದು ಉತ್ತರವನ್ನು ಪ್ರಶ್ನೆಯೊಳಗೆ ಬಚ್ಚಿಟ್ಟಂತೆ. ನಾಮಿನಲ್ ಎಂದೇ ಇಡುವುದು ಕ್ಷೇಮ. ಕೊಳೆರೋಗದ ತೀವ್ರತೆಯನ್ನು 0ಯಿಂದ 4ರವರೆಗೆ ಅಂಕ ಹಾಕಿ ದಾಖಲಿಸಿದ್ದರೆ ಮಾತ್ರ ಅದು ಅಪ್ಪಟ ಆರ್ಡಿನಲ್. 4 ಅಂದರೆ 2ರ ಎರಡರಷ್ಟು ಕೊಳೆ ಅಲ್ಲ, ಹೆಚ್ಚು ಕೊಳೆ, ಅಷ್ಟೇ. ಎರಡು ತೋಟಗಳನ್ನು ಹೋಲಿಸಬೇಕೆಂದರೆ ಇಂಡಿಪೆಂಡೆಂಟ್ ಸ್ಯಾಂಪಲ್ಸ್ ಟಿ-ಟೆಸ್ಟ್ ತೆರೆದು ಅದರೊಳಗಿನ, ಕ್ರಮವನ್ನಷ್ಟೇ ನೋಡುವ ಮ್ಯಾನ್-ವಿಟ್ನಿ ಪರೀಕ್ಷೆಗೆ ಗುರುತು ಹಾಕಿ, ವರದಿಯಲ್ಲಿ ಮಧ್ಯಾಂಕ ಕೊಡಿ. ಮೂರು ಅಥವಾ ಹೆಚ್ಚು ತೋಟಗಳಿದ್ದರೆ ಅನೋವಾ ಪಟ್ಟಿಯ ಕೆಳಗಿನ, ಅದೇ ಬಗೆಯ ಕ್ರಸ್ಕಲ್-ವಾಲಿಸ್ ಪರೀಕ್ಷೆ.

ಒಪ್ಪುತ್ತೇನೆ-ಒಪ್ಪುವುದಿಲ್ಲ ಎಂಬ ಐದು ಹಂತದ ಲೈಕರ್ಟ್ ಪ್ರಶ್ನೆಗಳ ಜಗಳ 1932ರಲ್ಲಿ ಆ ಮಾಪನ ಬಂದಾಗಿನಿಂದಲೂ ಮುಗಿದಿಲ್ಲ, ಇಲ್ಲೂ ಮುಗಿಯುವುದಿಲ್ಲ. ಬಿಡಿ ಪ್ರಶ್ನೆಯೊಂದನ್ನು ಆರ್ಡಿನಲ್ ಎಂದಿಡಿ. ಒಂದೇ ವಿಷಯದ ಏಳೆಂಟು ಪ್ರಶ್ನೆಗಳನ್ನು ಕೂಡಿದ ಒಟ್ಟು ಅಂಕವನ್ನು ಕಂಟಿನ್ಯುಯಸ್ ಎಂದು ಬಳಸುವುದನ್ನು ಹೆಚ್ಚಿನ ಮಾರ್ಗದರ್ಶಕರು ಒಪ್ಪುತ್ತಾರೆ, ಆ ಪ್ರಶ್ನೆಗಳು ಪರಸ್ಪರ ಎಷ್ಟು ಹೊಂದುತ್ತವೆ ಎಂದು ಹೇಳುವ ಕ್ರಾನ್‌ಬ್ಯಾಕ್ ಆಲ್ಫಾ ಕೊಟ್ಟಿದ್ದರೆ. ಆದರೆ ‘ಗೊತ್ತಿಲ್ಲ’ ಎಂಬ ಉತ್ತರವನ್ನು 3 ಎಂದು ನಡುವೆ ಕೂರಿಸಬೇಡಿ. ಗೊತ್ತಿಲ್ಲದವನು ನಡುವೆ ನಿಂತವನಲ್ಲ. ಅದಕ್ಕೆ 99 ಕೊಟ್ಟು ಸೆಟಪ್‌ನ ಮಿಸ್ಸಿಂಗ್ ವ್ಯಾಲ್ಯೂಸ್‌ನಲ್ಲಿ 99 ಅನ್ನು ಸೇರಿಸಿ. ಮರೆತರೆ ಆ 99 ಕೂಡ ಸರಾಸರಿಗೆ ಸೇರಿಕೊಂಡು ಐದು ಅಂಕದ ಪ್ರಶ್ನೆಗೆ ಸರಾಸರಿ ಏಳು ಬಂದುಬಿಡುತ್ತದೆ.

ಈಗ ಮೊದಲಿನ ಜಲಾಶಯಕ್ಕೆ ಬರೋಣ. ಇಂಟರ್ವಲ್ ಮತ್ತು ರೇಷಿಯೋ ಒಂದೇ ಚೀಲದಲ್ಲಿದ್ದರೆ ನಷ್ಟವೇನು? ಟಿ-ಟೆಸ್ಟ್, ಅನೋವಾ, ಪಿಯರ್‌ಸನ್ ಸಹಸಂಬಂಧ ಇವಕ್ಕೆ ಏನೂ ನಷ್ಟವಿಲ್ಲ, ಏಕೆಂದರೆ ಸೊನ್ನೆಯನ್ನು ಎಲ್ಲಿ ನೆಟ್ಟರೂ ಅವು ಬದಲಾಗುವುದಿಲ್ಲ. ಸ್ಟೀವನ್ಸ್‌ನ ನಾಲ್ಕನ್ನು ಮೂರಕ್ಕೆ ಇಳಿಸಿದ್ದಕ್ಕೆ ಸಮರ್ಥನೆಯೂ ಇದೇ. ನಷ್ಟ ಆಗುವುದು ಭಾಗಾಕಾರ ಬಂದಾಗ: ಶೇಕಡಾವಾರು, ‘ಎರಡರಷ್ಟು’, ವಿಚಲನ ಗುಣಾಂಕ (ಪ್ರಮಾಣಿತ ವಿಚಲನೆಯನ್ನು ಸರಾಸರಿಯಿಂದ ಭಾಗಿಸಿದ್ದು).

ಲಿಂಗನಮಕ್ಕಿಯ 1819 ಅಡಿ ಸಮುದ್ರ ಮಟ್ಟದಿಂದ ಎಣಿಸಿದ್ದು. ಅಲ್ಲಿ ಸೊನ್ನೆ ಇರುವುದು ಶರಾವತಿ ಕಡಲು ಸೇರುವ ಹೊನ್ನಾವರದ ಎತ್ತರದಲ್ಲಿ, ಅಣೆಕಟ್ಟೆಯ ಬುಡದಲ್ಲಲ್ಲ. ಭದ್ರಾದ 186 ಅಡಿ ಆ ಅಣೆಕಟ್ಟೆಯದೇ ಸ್ಥಳೀಯ ಅಳತೆ. ಲಿಂಗನಮಕ್ಕಿ ಮಟ್ಟ 1780ರಿಂದ 1819ಕ್ಕೆ ಏರಿದರೆ ಅಂಕಿಯ ಪ್ರಕಾರ ಸುಮಾರು ಶೇ 2ರಷ್ಟು ಏರಿಕೆ. ನೀರಿನ ಲೆಕ್ಕದಲ್ಲಿ ಅದು ಅಗಾಧ. ಲೆಕ್ಕಕ್ಕಾಗಿ ಮೂರು ದಿನಗಳ ಮಟ್ಟ 1790, 1800, 1810 ಎಂದಿಟ್ಟುಕೊಳ್ಳಿ. ಸರಾಸರಿ 1800, ಪ್ರಮಾಣಿತ ವಿಚಲನೆ 10, ವಿಚಲನ ಗುಣಾಂಕ ಶೇ 0.56. ಸೊನ್ನೆಯನ್ನು 1700 ಅಡಿಗೆ ತಂದು ಅದೇ ನೀರನ್ನು 90, 100, 110 ಎಂದು ಬರೆಯಿರಿ. ವಿಚಲನೆ ಅದೇ 10, ಗುಣಾಂಕ ಮಾತ್ರ ಶೇ 10. ನೀರು ಒಂದು ಹನಿಯೂ ಹೆಚ್ಚುಕಡಿಮೆಯಾಗಿಲ್ಲ. ‘ಲಿಂಗನಮಕ್ಕಿಗಿಂತ ಭದ್ರಾದಲ್ಲಿ ಏರಿಳಿತ ಹೆಚ್ಚು’ ಎಂಬ ತೀರ್ಮಾನ ವರದಿಯಲ್ಲಿ ಕಂಡರೆ ಮೊದಲು ಸೊನ್ನೆ ಎಲ್ಲಿದೆ ಎಂದು ಕೇಳಿ. ಹೋಲಿಸಲೇಬೇಕೆಂದರೆ ಟಿಎಂಸಿ ಲೆಕ್ಕದ ಸಂಗ್ರಹ ತೆಗೆದುಕೊಳ್ಳಿ. ಅಲ್ಲಿ ಸೊನ್ನೆ ಅಂದರೆ ಸೊನ್ನೆಯೇ. ದಿನದಿಂದ ದಿನಕ್ಕೆ ಎಷ್ಟು ಅಡಿ ಏರಿತು ಎಂಬ ವ್ಯತ್ಯಾಸ ಕೂಡ ನಡೆಯುತ್ತದೆ, ಎರಡು ಇಂಟರ್ವಲ್ ಅಂಕಿಗಳನ್ನು ಕಳೆದರೆ ಬರುವುದು ರೇಷಿಯೋ.

ಮಣ್ಣು ಪರೀಕ್ಷೆಯ ಚೀಟಿಯಲ್ಲಿರುವ ಪಿಎಚ್ ಕೂಡ ಇದೇ ಜಾತಿಯ ಕಳ್ಳ. ಮಲೆನಾಡಿನ ಹುಳಿ ಮಣ್ಣಿನಲ್ಲಿ 5 ಮತ್ತು 6ರ ನಡುವಿನ ಅಂತರ ಹೈಡ್ರೋಜನ್ ಅಯಾನಿನ ಲೆಕ್ಕದಲ್ಲಿ ಹತ್ತು ಪಟ್ಟು. ‘ಪಿಎಚ್ ಶೇ 20 ಏರಿತು’ ಎಂಬ ವಾಕ್ಯಕ್ಕೆ ಅರ್ಥವಿಲ್ಲ. ಉಷ್ಣಾಂಶವೂ ಅಷ್ಟೆ, 30 ಡಿಗ್ರಿ ಸೆಲ್ಸಿಯಸ್ 15ರ ಎರಡರಷ್ಟು ಬಿಸಿಯಲ್ಲ. ಕೆಲ್ವಿನ್‌ಗೆ ತಿರುಗಿಸಿದರೆ 303 ಮತ್ತು 288, ಹೆಚ್ಚಳ ಶೇ 5ರಷ್ಟು ಮಾತ್ರ.

ಮಳೆ ಮಾತ್ರ ನಿಷ್ಠಾವಂತ ರೇಷಿಯೋ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಬೀಳುತ್ತದೆ, 200 ಮಿಮೀ ಅಂದರೆ 100ರ ಎರಡರಷ್ಟೇ. ಇಲ್ಲಿ ಎಡವುವುದು ಸೊನ್ನೆಯ ದಾಖಲೆಯಲ್ಲಿ. ಹುಲಿಕಲ್‌ನದೋ ಮಾಸ್ತಿಕಟ್ಟೆಯದೋ ಒಂದು ದಿನದ ಅಂಕಿ ಸಿಗದಿದ್ದರೆ ಆ ಕೋಶ ಖಾಲಿ ಇರಬೇಕು, 0 ಅಲ್ಲ. 0 ಎಂದರೆ ಮಳೆ ಬರಲಿಲ್ಲ ಎಂಬ ಸಾಕ್ಷಿ. ಜುಲೈ ತಿಂಗಳಲ್ಲಿ ಹುಲಿಕಲ್‌ಗೆ ಅಂಥ ಸಾಕ್ಷಿ ಹೇಳುವ ಮೊದಲು ಯೋಚಿಸಿ.

ರೇಷಿಯೋದಿಂದ ಆರ್ಡಿನಲ್‌ಗೆ ಇಳಿಸುವ ಕೆಲಸಕ್ಕೆ ಜಮೋವಿಯ ಟ್ರಾನ್ಸ್‌ಫಾರ್ಮ್ ಬಹಳ ಚೊಕ್ಕ. ಹವಾಮಾನ ಇಲಾಖೆಯ ದಿನದ ಮಳೆಯ ವರ್ಗಗಳನ್ನೇ ತೆಗೆದುಕೊಳ್ಳಿ: 64.5ರಿಂದ 115.5 ಮಿಮೀ ಭಾರಿ, 115.6ರಿಂದ 204.4 ಅತಿ ಭಾರಿ, ಅದಕ್ಕೂ ಮೇಲೆ ಅತ್ಯಂತ ಭಾರಿ. ಮಳೆಯ ಕಾಲಂ ಆರಿಸಿ, ಟ್ರಾನ್ಸ್‌ಫಾರ್ಮ್ ಒತ್ತಿ, ಹೊಸ ಸೂತ್ರ ಸೃಷ್ಟಿಸಿ, ಒಂದೊಂದೇ ಷರತ್ತು ಸೇರಿಸುತ್ತ ಹೋಗಿ. ಷರತ್ತುಗಳನ್ನು ಅದು ಮೇಲಿನಿಂದ ಕೆಳಕ್ಕೆ ಓದಿ ಮೊದಲು ಹೊಂದಿದ್ದನ್ನೇ ಹಿಡಿಯುತ್ತದೆ. ಆದ್ದರಿಂದ 204.4ಕ್ಕಿಂತ ಹೆಚ್ಚು ಎಂಬುದು ಮೇಲಿರಲಿ, ಆಮೇಲೆ 115.5ಕ್ಕಿಂತ ಹೆಚ್ಚು, ಆಮೇಲೆ 64.4ಕ್ಕಿಂತ ಹೆಚ್ಚು. ತಲೆಕೆಳಗು ಬರೆದರೆ ಎಲ್ಲ ಜಡಿಮಳೆಯೂ ಬರೀ ‘ಭಾರಿ’ ಆಗಿಬಿಡುತ್ತದೆ. ಮುಗಿದ ಮೇಲೆ ಹೊಸ ಕಾಲಂನ ಮೆಷರ್ ಟೈಪ್ ಆರ್ಡಿನಲ್ ಆಗಿದೆಯೇ, ಲೆವೆಲ್‌ಗಳ ಕ್ರಮ ಸರಿಯಿದೆಯೇ ನೋಡಿ. ಮೂಲ ಮಿಲಿಮೀಟರ್ ಕಾಲಂ ಹಾಗೇ ಉಳಿಯುತ್ತದೆ, ಅದನ್ನು ಅಳಿಸಬೇಡಿ. ಪ್ರಶ್ನಾವಳಿ ಮಾಡುವವರಿಗೂ ಇದೇ ಮಾತು: ವಯಸ್ಸನ್ನು ‘18–25, 26–35’ ಎಂದು ಕೇಳುವ ಬದಲು ವರ್ಷದಲ್ಲೇ ಕೇಳಿ. ಮೆಟ್ಟಿಲು ಇಳಿಯುವುದು ಯಾವಾಗ ಬೇಕಾದರೂ ಆಗುತ್ತದೆ, ಹತ್ತುವುದು ಆಗುವುದಿಲ್ಲ.

ದತ್ತಾಂಶ ಒಳಗೆ ತರುವಾಗಿನ ತೊಂದರೆಗಳಲ್ಲಿ ಹೆಚ್ಚಿನವು ಎಕ್ಸೆಲ್‌ನವು, ಬೈಗುಳ ತಿನ್ನುವುದು ಜಮೋವಿ. ಪಹಣಿಯ ಸರ್ವೆ ನಂಬರ್ 4/2 ಎಂದು ಟೈಪಿಸಿದರೆ ಎಕ್ಸೆಲ್ ಅದನ್ನು ದಿನಾಂಕ ಮಾಡಿಬಿಡುತ್ತದೆ. ಟೈಪಿಸುವ ಮೊದಲೇ ಆ ಕಾಲಂ ಅನ್ನು ಟೆಕ್ಸ್ಟ್ ಮಾಡಿ, ಜಮೋವಿಯಲ್ಲಿ ಅದಕ್ಕೆ ಐಡಿ ಗುರುತು ಕೊಡಿ. ಸರ್ವೆ ನಂಬರ್, ರೋಲ್ ನಂಬರ್, ರೈತರ ಕ್ರಮಸಂಖ್ಯೆ ಇವೆಲ್ಲ ಲೆಕ್ಕಕ್ಕಲ್ಲ, ಗುರುತಿಗೆ. ಮಳೆಯ ಕಾಲಂನಲ್ಲಿ ಒಂದೇ ಒಂದು ಕೋಶಕ್ಕೆ ‘85 ಮಿಮೀ’ ಎಂದು ಬರೆದರೂ ಇಡೀ ಕಾಲಂ ಪದಗಳ ಕಾಲಂ ಆಗಿ ನಾಮಿನಲ್ ಗುರುತು ಬೀಳುತ್ತದೆ. ಅಳತೆಯ ಹೆಸರು ಕಾಲಂ ತಲೆಯಲ್ಲಿರಲಿ, ಕೋಶದಲ್ಲಿ ಬರೀ ಅಂಕಿ. ಬೆಲೆಗೆ ಅಲ್ಪವಿರಾಮ ಬೇಡ. ಕನ್ನಡ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಂದರೆ ಎಕ್ಸೆಲ್‌ನಲ್ಲಿ ಸಾದಾ ಸಿಎಸ್‌ವಿ ಆಗಿ ಉಳಿಸಿದ್ದೀರಿ ಎಂದರ್ಥ. ಯುಟಿಎಫ್-8 ಸಿಎಸ್‌ವಿ ಆರಿಸಿ, ಇಲ್ಲವೇ ಎಕ್ಸೆಲ್ ಕಡತವನ್ನೇ ನೇರ ತೆರೆಯಿರಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಿಸಿದ ಹೆಸರುಗಳು ಹೇಗೂ ಕಲಸುಮೇಲೋಗರವೇ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ‘ಸಾಗರ’ ಮತ್ತು ‘ಸಾಗರ ’ (ಕೊನೆಯಲ್ಲೊಂದು ಖಾಲಿ ಜಾಗ) ಎರಡು ಬೇರೆ ಲೆವೆಲ್‌ಗಳಾಗಿ ಕಂಡರೆ ಗಾಬರಿ ಬೇಡ, ಜಿಲ್ಲೆಗೆ ಎಂಟನೇ ತಾಲ್ಲೂಕು ಬಂದಿಲ್ಲ.

ಎಸ್ಎಸ್ಎಲ್‌ಸಿಯ 625ಕ್ಕೆ ಪಡೆದ ಅಂಕ ಇಂಟರ್ವಲ್ಲೋ ರೇಷಿಯೋನೋ ಎಂದು ವೈವಾದಲ್ಲಿ ಕೇಳುತ್ತಾರೆ. ಉತ್ತರ ಪತ್ರಿಕೆಯಲ್ಲಿ ಗಳಿಸಿದ ಅಂಕಗಳ ಎಣಿಕೆ ಎಂದು ನೋಡಿದರೆ ರೇಷಿಯೋ. ಕಲಿಕೆಯ ಅಳತೆ ಎಂದು ನೋಡಿದರೆ ಅಲ್ಲ, ಸೊನ್ನೆ ಪಡೆದವನಿಗೆ ಏನೂ ಗೊತ್ತಿಲ್ಲ ಎಂದೇನೂ ಅಲ್ಲವಲ್ಲ. ಜಮೋವಿಯಲ್ಲಿ ಎರಡಕ್ಕೂ ಅಡಿಕೋಲಿನ ಚಿತ್ರವೇ ಇರುವುದರಿಂದ ಈ ಪ್ರಶ್ನೆಗೆ ಅದು ಸಹಾಯ ಮಾಡುವುದಿಲ್ಲ.

ಹಾಗಾಗಿ ಈ ಸಾಫ್ಟ್‌ವೇರ್ ಜೊತೆ ಒಂದು ಕಾಗದವೂ ಬೇಕು. ಪ್ರತಿ ಕಾಲಂಗೆ ಒಂದು ಸಾಲು: ಹೆಸರು, ಏನನ್ನು ಅಳೆದಿದ್ದು, ಯಾವ ಏಕಮಾನ, ಸೊನ್ನೆ ಅಂದರೇನು, ಸ್ಟೀವನ್ಸ್‌ನ ನಾಲ್ಕರಲ್ಲಿ ಯಾವ ಮಟ್ಟ, ಜಮೋವಿಯಲ್ಲಿ ಯಾವ ಗುರುತು. ಹದಿನೈದು ಕಾಲಂಗಳ ಪ್ರಾಜೆಕ್ಟ್‌ಗೆ ಅರ್ಧ ಪುಟ ಸಾಕು. ಅದನ್ನು ದತ್ತಾಂಶ ಸಂಗ್ರಹಕ್ಕೆ ಹೊರಡುವ ಮುಂಚೆ ಬರೆಯಿರಿ, ಮುಗಿದ ಮೇಲಲ್ಲ.

ಕೊಡುವಾಗ ಒಂದು ಎಚ್ಚರ. ಕೆಲಸವನ್ನು ಜಮೋವಿಯದೇ ಒಎಂವಿ ಕಡತದಲ್ಲಿ ಉಳಿಸಿದರೆ ದತ್ತಾಂಶ, ಗುರುತುಗಳು, ಲೆವೆಲ್‌ಗಳ ಕ್ರಮ, ವಿಶ್ಲೇಷಣೆ ಎಲ್ಲವೂ ಒಟ್ಟಿಗೆ ಇರುತ್ತವೆ. ಸಿಎಸ್‌ವಿಗೆ ರಫ್ತು ಮಾಡಿದರೆ ಅಂಕಿಗಳು ಮಾತ್ರ ಹೋಗುತ್ತವೆ. ನೀವು ಕೂತು ಹಚ್ಚಿದ ಗುರುತು, ಜೋಡಿಸಿದ ಕ್ರಮ ಎರಡೂ ಹಿಂದೆ ಉಳಿಯುತ್ತವೆ. ಮಾರ್ಗದರ್ಶಕರು ಅದನ್ನು ತಮ್ಮ ಕಂಪ್ಯೂಟರ್‌ನಲ್ಲಿ ತೆರೆದಾಗ ಉಣುಗುಗಳು ಮತ್ತೆ ನಾಮಿನಲ್ ಆಗಿರುತ್ತವೆ.